ಎಸಿ ಹಾಕಿದರೆ ಮೈಲೇಜ್ ಎಷ್ಟು ಬೀಳುತ್ತದೆ? ಸಣ್ಣ ಪೆಟ್ರೋಲ್ ಕಾರಿನ ಎಸಿ, ಕೆಲವು ವರ್ಷ ಬಳಸಿದ ಮೇಲೆ

ಇದು ಕಾರಿನ ವಿಮರ್ಶೆ ಅಲ್ಲ, ಅದರೊಳಗಿನ ಎಸಿಯದ್ದು. ಕಾರು 1.2 ಲೀಟರ್ ಪೆಟ್ರೋಲ್ ಎಂಜಿನ್ ಇರುವ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ಎಸಿ ಕೂಡ ನಾಬ್ ತಿರುಗಿಸುವ ಸಾದಾ ಥರದ್ದು. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಓಡೋಮೀಟರ್ ನೋಡಿ ಬರೆದಿಡುವ ಚಟ ನನಗೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ, ಅದು ಯಾವಾಗಲೂ ಸ್ವಲ್ಪ ಜಾಸ್ತಿಯೇ ಹೇಳುತ್ತದೆ. ಹಾಗಾಗಿ ಕೆಳಗಿನ ಅಂಕಿಗಳೆಲ್ಲ ಟ್ಯಾಂಕಿನಿಂದ ಟ್ಯಾಂಕಿಗೆ ಹಾಕಿದ ಲೆಕ್ಕ.

ಎಸಿ ಹಾಕಿದರೆ ಮೈಲೇಜ್ ಎಷ್ಟು ಇಳಿಯುತ್ತದೆ ಎಂದು ಕೇಳಿ ನೋಡಿ. ಒಬ್ಬರು 5 ಪರ್ಸೆಂಟ್ ಅನ್ನುತ್ತಾರೆ, ಇನ್ನೊಬ್ಬರು ಕಾಲು ಭಾಗವೇ ಹೋಯಿತು ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಾರು ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ಕುಡಿದರೆ ಎಸಿ ಗಂಟೆ ಲೆಕ್ಕದಲ್ಲಿ ಕುಡಿಯುತ್ತದೆ. ಟ್ಯಾಕ್ಸಿಯ ವೇಟಿಂಗ್ ಚಾರ್ಜ್ ಇದ್ದ ಹಾಗೆ, ಗಾಡಿ ನಿಂತಿದ್ದರೂ ಮೀಟರ್ ಓಡುತ್ತಲೇ ಇರುತ್ತದೆ. ಇಷ್ಟು ಅರ್ಥವಾದರೆ ಉಳಿದ ಗೊಂದಲವೆಲ್ಲ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಎಸಿ ಗಂಟೆಗೆ ಅರ್ಧ ಲೀಟರ್ ಹೆಚ್ಚಿಗೆ ಎಳೆಯುತ್ತದೆ ಅಂದುಕೊಳ್ಳಿ. ಟ್ರಾಫಿಕ್‌ನಲ್ಲಿ ಗಂಟೆಗೆ 20 ಕಿಲೋಮೀಟರ್ ಹೋಗುತ್ತೀರಿ, ಎಸಿ ಇಲ್ಲದೆ ಲೀಟರಿಗೆ 15 ಬರುತ್ತಿತ್ತು. ಅಂದರೆ ಆ ಒಂದು ಗಂಟೆಗೆ ಸುಮಾರು 1.33 ಲೀಟರ್. ಅದಕ್ಕೆ ಅರ್ಧ ಸೇರಿಸಿ, 1.83 ಆಯಿತು. ಮೈಲೇಜ್ 11ಕ್ಕೆ ಬಂತು. ಅದೇ ಹೆದ್ದಾರಿಯಲ್ಲಿ 80ರ ವೇಗ, ಲೀಟರಿಗೆ 20 ಬರುವ ಗಾಡಿ. ಗಂಟೆಗೆ 4 ಲೀಟರ್ ಹೇಗೂ ಹೋಗುತ್ತಿತ್ತು, ಈಗ 4.5. ಮೈಲೇಜ್ 17.8. ಅದೇ ಎಸಿ, ಅದೇ ಅರ್ಧ ಲೀಟರ್, ಆದರೆ ಒಂದು ಕಡೆ ಕಾಲು ಭಾಗಕ್ಕಿಂತ ಜಾಸ್ತಿ ಪೆಟ್ಟು, ಇನ್ನೊಂದು ಕಡೆ ಹತ್ತರಲ್ಲಿ ಒಂದು ಭಾಗ.

ನನ್ನ ಪುಸ್ತಕದಲ್ಲಿರುವುದೂ ಹೆಚ್ಚುಕಡಿಮೆ ಇದೇ. ಎಸಿ ಹಾಕದ ತಿಂಗಳುಗಳಲ್ಲಿ ಊರೊಳಗೆ 15ರ ಆಸುಪಾಸು, ಕಡು ಬೇಸಿಗೆಯಲ್ಲಿ 11 ಮತ್ತು 12ರ ನಡುವೆ. ದೂರ ಹೋದಾಗ 20 ಇದ್ದದ್ದು 18 ಚಿಲ್ಲರೆ. ಅಮೆರಿಕದ ಸರಕಾರಿ ಮೈಲೇಜ್ ಮಾಹಿತಿಯಲ್ಲೂ ವಿಪರೀತ ಬಿಸಿಲಿನಲ್ಲಿ, ಅದರಲ್ಲೂ ಹತ್ತಿರದ ಓಡಾಟಗಳಲ್ಲಿ, ಇಳಿತ 25 ಪರ್ಸೆಂಟ್ ದಾಟಬಹುದು ಎಂದೇ ಇದೆ. ಅಲ್ಲಿ 2008ರ ಮಾಡೆಲ್‌ಗಳಿಂದ ಮೈಲೇಜ್ ಅಂದಾಜಿಗೆ 35 ಡಿಗ್ರಿಯಲ್ಲಿ ಎಸಿ ಹಾಕಿ ಓಡಿಸುವ ಪರೀಕ್ಷೆಯನ್ನೂ ಸೇರಿಸಿಕೊಂಡರು. ಯುರೋಪಿನ ಡಬ್ಲ್ಯೂಎಲ್‌ಟಿಪಿ ಎಂಬ ಮೈಲೇಜ್ ಪರೀಕ್ಷೆ ನಡೆಯುವುದು ಎಸಿ ಆಫ್ ಮಾಡಿ, 23 ಡಿಗ್ರಿಯಲ್ಲಿ. ಕಂಪನಿ ಹೇಳಿದ ಮೈಲೇಜ್ ಬರುತ್ತಿಲ್ಲ ಎಂದು ಗೋಳಾಡುವ ಮೊದಲು, ಆ ಅಂಕಿ ಯಾವ ಪರೀಕ್ಷೆಯದ್ದು ಎಂದು ಒಮ್ಮೆ ನೋಡಿಕೊಳ್ಳಿ.

ಇಷ್ಟು ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ? ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಒಳಗಿನಿಂದ ಯಾರಿಗಾದರೂ ಎಸಿ ಬಟನ್ ಒತ್ತಲು ಹೇಳಿ. ಕೈ ಮಾತ್ರ ಬೆಲ್ಟಿನಿಂದ ದೂರ ಇರಲಿ. ಕಂಪ್ರೆಸರಿನ (ಎಸಿ ಗ್ಯಾಸನ್ನು ಒತ್ತುವ ಪಂಪು) ಪುಲ್ಲಿ ಮೊದಲಿನಿಂದಲೂ ತಿರುಗುತ್ತಲೇ ಇರುತ್ತದೆ, ಅದರ ಮುಂದಿರುವ ತಟ್ಟೆ ಮಾತ್ರ ಸುಮ್ನೆ ನಿಂತಿರುತ್ತದೆ. ಬಟನ್ ಒತ್ತಿದ ಕೂಡಲೇ ಟಕ್ ಎಂದು ಮ್ಯಾಗ್ನೆಟಿಕ್ ಕ್ಲಚ್ ಕಚ್ಚಿಕೊಂಡು ತಟ್ಟೆಯೂ ತಿರುಗಲು ಶುರು. ಎಂಜಿನ್ ಒಂದು ಕ್ಷಣ ಮುಗ್ಗರಿಸಿದ ಹಾಗಾಗಿ, ಆಮೇಲೆ ಆರ್‌ಪಿಎಂ ಮೊದಲಿಗಿಂತ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ರೇಡಿಯೇಟರ್ ಮುಂದೆ ಕೂತು ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿಗೆ ಗಾಳಿ ಬೇಕಲ್ಲ, ಫ್ಯಾನೂ ಚಾಲೂ ಆಗುತ್ತದೆ. ಆ ಕರೆಂಟನ್ನೂ ಆಲ್ಟರ್ನೇಟರ್ ಮೂಲಕ ಎಂಜಿನ್ನೇ ಕೊಡಬೇಕು.

ಚೆನ್ನಾಗಿ ಕಾದ ಕಾರನ್ನು ತಣ್ಣಗೆ ಮಾಡುವಾಗ ಕಂಪ್ರೆಸರ್ ಕೆಲವು ಕಿಲೋವ್ಯಾಟ್ ಕೇಳುತ್ತದೆ. ಎಂಜಿನ್ನಿನ ಪೂರ್ತಿ ತಾಕತ್ತಿಗೆ ಅದು ಪುಡಿಗಾಸು. ಆದರೆ ಟ್ರಾಫಿಕ್‌ನಲ್ಲಿ ತೆವಳುವಾಗ ಕಾರನ್ನು ಮುಂದೆ ತಳ್ಳಲಿಕ್ಕೂ ಬೇಕಾಗುವುದು ಕೆಲವೇ ಕಿಲೋವ್ಯಾಟ್. ಏರಿನಲ್ಲಿ ಎಸಿ ಹಾಕಿದರೆ ಪಿಕಪ್ ಸತ್ತ ಹಾಗೆ ಅನ್ನಿಸುವುದೂ ಇದಕ್ಕೇ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ತಾನಾಗಿಯೇ ಸ್ವಲ್ಪ ಹೊತ್ತು ಕಂಪ್ರೆಸರ್ ಬಿಡಿಸುತ್ತದೆ, ಓವರ್‌ಟೇಕ್ ಮಾಡುವಾಗ ನಾವೇ ಬಟನ್ ಒತ್ತಿ ಆಫ್ ಮಾಡುವ ಸರ್ಕಸ್ ಬೇಕಿಲ್ಲ.

ನಾಬ್ ವಿಷಯಕ್ಕೆ ಬರೋಣ, ಇಲ್ಲಿಯೇ ಜಾಸ್ತಿ ಜನ ಎಡವುವುದು. ಕೂಲಿಂಗ್ ಕಡಿಮೆ ಇಟ್ಟರೆ ಪೆಟ್ರೋಲ್ ಉಳಿಯುತ್ತದೆ ಎಂದು ತಾಪಮಾನದ ನಾಬನ್ನು ನೀಲಿಯಿಂದ ಕೆಂಪಿನ ಕಡೆಗೆ ಸ್ವಲ್ಪ ತಿರುಗಿಸುತ್ತಾರೆ. ನನ್ನ ಕಾರಿನಂಥ ಸಾದಾ ಎಸಿಯಲ್ಲಿ ಆ ನಾಬಿಗೂ ಕಂಪ್ರೆಸರಿಗೂ ಸಂಬಂಧವೇ ಇಲ್ಲ. ಗಾಳಿಯನ್ನು ತಂಪು ಮಾಡುವ ಒಳಗಿನ ಇವಾಪರೇಟರ್ ಮಂಜುಗಟ್ಟುವ ಮಟ್ಟಕ್ಕಿಂತ ಚೂರು ಮೇಲಿನವರೆಗೆ ತಣ್ಣಗಾಗಿಯೇ ಆಗುತ್ತದೆ. ನಾಬ್ ತಿರುಗಿಸಿದಾಗ ಒಂದು ಫ್ಲಾಪ್ ತೆರೆದು ಹೀಟರಿನ ಬಿಸಿ ಗಾಳಿಯನ್ನು ಆ ತಂಪಿಗೆ ಬೆರೆಸುತ್ತದೆ, ಅಷ್ಟೇ. ಪೆಟ್ರೋಲ್ ಸುಟ್ಟು ತಂಪು ಮಾಡಿದ್ದನ್ನು ನಾವೇ ಕೆಡಿಸಿದ ಹಾಗಾಯಿತು, ಅಲ್ವಾ? ಉಳಿತಾಯ ಇರುವುದು ಬ್ಲೋವರಿನಲ್ಲಿ. ನಾಬ್ ಪೂರ್ತಿ ನೀಲಿಯಲ್ಲೇ ಇಟ್ಟು ಬ್ಲೋವರ್ 1 ಅಥವಾ 2ಕ್ಕೆ ಇಳಿಸಿದರೆ ಇವಾಪರೇಟರ್ ಬೇಗ ತಣ್ಣಗಾಗಿ ಕಂಪ್ರೆಸರ್ ಕಟ್ ಆಗುತ್ತದೆ. ಆರ್‌ಪಿಎಂ ಮುಳ್ಳು ಒಂದಿಷ್ಟು ಕೆಳಗಿಳಿದು ಮತ್ತೆ ಏರುವುದನ್ನು ಸಿಗ್ನಲ್‌ನಲ್ಲಿ ನಿಂತಾಗ ಕಣ್ಣಾರೆ ನೋಡಬಹುದು. ಬ್ಲೋವರ್ 4ರಲ್ಲಿ ಇಟ್ಟಾಗ, ಬಿಸಿಲು ಜೋರಾಗಿದ್ದರೆ, ಅದು ಕಟ್ ಆಗುವುದೇ ಅಪರೂಪ. ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಜೊತೆ ಬೇಕಾದಷ್ಟೇ ದುಡಿಯುವ ವೇರಿಯಬಲ್ ಕಂಪ್ರೆಸರ್ ಇರುವ ಕಾರುಗಳ ಕಥೆ ಬೇರೆ. ಅದರಲ್ಲಿ 24 ಡಿಗ್ರಿ ಇಟ್ಟರೆ ಕಂಪ್ರೆಸರ್ ನಿಜಕ್ಕೂ ಕಡಿಮೆ ದುಡಿಯುತ್ತದೆ.

ಬಿಸಿಲಲ್ಲಿ ನಿಲ್ಲಿಸಿದ ಕಾರು ಹತ್ತಿದ ಕೂಡಲೇ ಎಸಿ ಫುಲ್ ಇಟ್ಟು ಗ್ಲಾಸ್ ಮುಚ್ಚಿಕೊಂಡು ಕೂರುವುದು ದಂಡ. ಒಳಗಿನ ಗಾಳಿ ಹೊರಗಿಗಿಂತ ಎಷ್ಟೋ ಬಿಸಿ ಇರುತ್ತದೆ. ಗ್ಲಾಸ್ ಇಳಿಸಿ ಸ್ವಲ್ಪ ದೂರ ಓಡಿಸಿ, ಆ ಬಿಸಿ ಹೊರಗೆ ಹೋಗಲಿ, ಆಮೇಲೆ ಗ್ಲಾಸ್ ಏರಿಸಿ ಎಸಿ ಹಾಕಿ, ರಿಸರ್ಕ್ಯುಲೇಶನ್ ಒತ್ತಿ. ಒಮ್ಮೆ ತಣ್ಣಗಾದ ಗಾಳಿಯನ್ನೇ ಮತ್ತೆ ತಣ್ಣಗೆ ಮಾಡುವುದು ಸುಲಭದ ಕೆಲಸ. ಆದರೆ ದೂರದ ಪ್ರಯಾಣದಲ್ಲಿ ರಿಸರ್ಕ್ಯುಲೇಶನ್ ಒಂದೇ ಸಮ ಇಟ್ಟರೆ ಕಾರ್ಬನ್ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ, ಆಗಾಗ ಹೊರಗಿನ ಗಾಳಿ ಬಿಡಿ.

ಗ್ಲಾಸ್ ಇಳಿಸುವುದಾ, ಎಸಿ ಹಾಕುವುದಾ ಎಂಬ ಜಗಳ ಮುಗಿಯುವಂಥದ್ದಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟು. ಊರೊಳಗೆ ಗ್ಲಾಸ್ ಇಳಿಸಿದರೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ, ಹೆದ್ದಾರಿಯಲ್ಲಿ ಅದೂ ಕೈ ಕಚ್ಚುತ್ತದೆ. ಗಡಿ ಯಾವ ವೇಗಕ್ಕೆ ಬೀಳುತ್ತದೆ ಎನ್ನುವುದು ಕಾರಿನ ಆಕಾರದ ಮೇಲೆ ಹೋಗುತ್ತದೆ. ನಾನಂತೂ 60 ದಾಟಿದರೆ ಗ್ಲಾಸ್ ಏರಿಸುತ್ತೇನೆ, ಪೆಟ್ರೋಲಿಗಿಂತ ಧೂಳು ಮತ್ತು ಗದ್ದಲದ ಕಾರಣಕ್ಕೆ.

ಪುಕ್ಕಟೆ ಎಸಿಯೂ ಇದೆ. ಉದ್ದದ ಇಳಿಜಾರಿನಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರುಗಳು ಪೆಟ್ರೋಲ್ ನಿಲ್ಲಿಸುತ್ತವೆ, ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ಆಗ ಕಂಪ್ರೆಸರ್ ಓಡುವುದು ಇಳಿಜಾರಿನ ಲೆಕ್ಕದಲ್ಲಿ. ಜೊತೆಗೆ ಎಂಜಿನ್ ಬ್ರೇಕಿಂಗ್ ಕೂಡ ಚೂರು ಗಟ್ಟಿಯಾಗುತ್ತದೆ. ನ್ಯೂಟ್ರಲ್ ಮಾಡಿ ಇಳಿಸುವವರಿಗೆ ಇದು ಸಿಗುವುದಿಲ್ಲ, ಅದು ಅಪಾಯವೂ ಹೌದು.

ಈಗ ದೂರು. ಒಂದು ಬೇಸಿಗೆಯಲ್ಲಿ ಸರ್ವಿಸಿಗೆ ಬಿಟ್ಟಾಗ "ಗ್ಯಾಸ್ ಟಾಪ್‌ಅಪ್ ಮಾಡಿದ್ದೇವೆ" ಎಂದು ಬಿಲ್‌ನಲ್ಲಿ ಸೇರಿಸಿ ಕೊಟ್ಟರು. ನಾನು ಕೇಳಿರಲೇ ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ, ಕೂಲಿಂಗ್ ಮೊದಲಿಗಿಂತ ಸಪ್ಪೆ, ಫ್ಯಾನ್ ಬಿಡದೆ ಬೊಬ್ಬೆ, ಐಡಲ್‌ನಲ್ಲಿ ಎಂಜಿನ್ ನಡುಕ, ಮೈಲೇಜ್ 10ರ ಹತ್ತಿರ. ಕೇಳಿದರೆ ಬಿಸಿಲು ಜಾಸ್ತಿ ಸಾರ್ ಎಂದು ಸಾಗಹಾಕಿದರು. ಬೇರೆ ಕಡೆ ತೋರಿಸಿದಾಗ ಮೆಷಿನ್ ಹಾಕಿ ಗ್ಯಾಸ್ ಪೂರ್ತಿ ಹೊರಗೆ ತೆಗೆದು ತೂಗಿದರು, ಇರಬೇಕಾದ್ದಕ್ಕಿಂತ ಜಾಸ್ತಿ ತುಂಬಿತ್ತು. ಎಷ್ಟು ಗ್ರಾಂ ಇರಬೇಕು, ಯಾವ ಗ್ಯಾಸ್, ಆರ್-134ಎ ಹಾಕಬೇಕಾ ಆರ್-1234ವೈಎಫ್ ಹಾಕಬೇಕಾ ಎನ್ನುವುದು ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಜಾಸ್ತಿ ತುಂಬಿದರೆ ಕಂಡೆನ್ಸರ್ ಕಡೆಯ ಒತ್ತಡ ಏರಿ ಕಂಪ್ರೆಸರ್ ಏದುಸಿರು ಬಿಡುತ್ತದೆ, ತಂಪೂ ಕಡಿಮೆಯಾಗುತ್ತದೆ. ಇನ್ನು ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವೇ ಅಲ್ಲ. ತಂಪು ಬೇಗ ಬೇಗ ಕಡಿಮೆಯಾಗುತ್ತಿದ್ದರೆ ಎಲ್ಲೋ ಲೀಕ್ ಇದೆ ಎಂದರ್ಥ, ಅದನ್ನು ಹುಡುಕದೆ ವರ್ಷ ವರ್ಷ ತುಂಬಿಸುವುದು ಶುದ್ಧ ವ್ಯಾಪಾರ. ತೂಗಿ ಸರಿಯಾಗಿ ಹಾಕಿದ ಮೇಲೆ ಮೈಲೇಜ್ ಮತ್ತೆ ಹಳೇ ಜಾಗಕ್ಕೆ ಬಂತು.

ಕ್ಯಾಬಿನ್ ಫಿಲ್ಟರ್ ನಾನೇ ತೆಗೆದು ಬದಲಾಯಿಸುತ್ತೇನೆ, ಗ್ಲೋವ್‌ಬಾಕ್ಸ್ ಹಿಂದೆ ಇದೆ, ಸಲಕರಣೆ ಬೇಡ. ಅದು ಕಟ್ಟಿಕೊಂಡರೆ ಗಾಳಿ ಬರುವುದಿಲ್ಲ, ಗಾಳಿ ಬರದಿದ್ದರೆ ಬ್ಲೋವರ್ ಏರಿಸುತ್ತೇವೆ. ಮಳೆಗಾಲದಲ್ಲಿ ಗ್ಲಾಸ್ ಮಸುಕಾದರೆ ಮೈಲೇಜ್ ಚಿಂತೆ ಬಿಟ್ಟು ಎಸಿ ಹಾಕಿ, ಗಾಳಿಯ ತೇವವನ್ನು ಹೀರುವುದು ಅದೇ. ಹೊರಗೆ ತಂಪಿರುವಾಗ ಕಂಪ್ರೆಸರಿಗೆ ಅಂಥ ಹೊರೆಯೂ ಇರುವುದಿಲ್ಲ. ಚಳಿಗಾಲದಲ್ಲೂ ಆಗೊಮ್ಮೆ ಈಗೊಮ್ಮೆ ಹತ್ತು ನಿಮಿಷ ಓಡಿಸುತ್ತೇನೆ. ಕಂಪ್ರೆಸರಿನ ಎಣ್ಣೆ ಗ್ಯಾಸ್ ಜೊತೆಗೇ ಸುತ್ತುವುದರಿಂದ ತಿಂಗಳುಗಟ್ಟಲೆ ನಿಲ್ಲಿಸಿದರೆ ಸೀಲ್ ಒಣಗುತ್ತದೆ.

ಅಂಕ ಕೊಡಬೇಕೆಂದರೆ ಮುಂದಿನ ಸೀಟಿನ ಕೂಲಿಂಗ್‌ಗೆ 5ಕ್ಕೆ 4, ಮೈಲೇಜ್ ಮೇಲಿನ ಹೊಡೆತಕ್ಕೆ 3. ಹಿಂದಿನ ಸೀಟಿಗೆ 2 ಕೂಡ ಜಾಸ್ತಿಯೇ, ಅಲ್ಲಿ ಎಸಿ ವೆಂಟ್ ಕೊಟ್ಟಿಲ್ಲ. ಒಬ್ಬನೇ ಹೋದಾಗ ಬ್ಲೋವರ್ 1ರಲ್ಲಿ ಆರಾಮಾಗಿ ಸಾಗುತ್ತೇನೆ. ಹಿಂದೆ ಮೂವರು ಕೂತರೆ "ಇಲ್ಲಿಗೆ ಗಾಳಿನೇ ಬರ್ತಿಲ್ಲ" ಎಂಬ ಕೂಗಿಗೆ ಅದು ಸೀದಾ 4ಕ್ಕೆ ಹೋಗುತ್ತದೆ, ಕಂಪ್ರೆಸರ್ ಕಟ್ ಆಗುವುದು ನಿಲ್ಲುತ್ತದೆ. ಮುಂದಿನ ಕಾರು ನೋಡುವಾಗ ಸನ್‌ರೂಫ್ ಇದೆಯಾ ಎಂದು ಕೇಳುವ ಮೊದಲು ಹಿಂದೆ ವೆಂಟ್ ಇದೆಯಾ, ಕಂಪ್ರೆಸರ್ ಯಾವ ಥರದ್ದು ಎಂದು ಕೇಳುತ್ತೇನೆ.