ಕಾಣೆಯಾದ ಮಗುವಿನ ಪೋಸ್ಟರ್‌ನಲ್ಲಿ ಯಾರ ನಂಬರ್ ಇದೆ, ನೋಡಿ

ನನ್ನ ಅಕ್ಕನ ಮಗಳು ಕಳೆದ ವರ್ಷ ಮನೆ ಬಿಟ್ಟು ಹೋಗಿದ್ದಳು. ಹದಿಹರೆಯದ ಹುಡುಗಿ. ಪೊಲೀಸರಿಗೆ ದೂರು ಕೊಟ್ಟು ಬರುವಷ್ಟರಲ್ಲೇ ಕಾಣೆಯಾದ ಮಕ್ಕಳನ್ನು ಹುಡುಕುವ ಒಂದು ಸಂಘದಿಂದ ಫೋನ್ ಬಂತು. ನಡೆಸುವವರೆಲ್ಲ ಸ್ವಯಂಸೇವಕರು. ತುಂಬಾ ಮೃದುವಾಗಿ ಮಾತಾಡಿದರು. ಅಂಥ ಹೊತ್ತಿನಲ್ಲಿ ಯಾರು ಕೈ ಚಾಚಿದರೂ ಹಿಡಿದುಕೊಳ್ಳುತ್ತೇವೆ, ಅಲ್ವಾ? ಅಕ್ಕ ಫೋಟೊ ಕೊಟ್ಟಳು. ಮಗಳು ತೆಗೆದುಕೊಳ್ಳುತ್ತಿದ್ದ ಮಾತ್ರೆ, ಮನೆಯಲ್ಲಿ ನಡೆದ ಜಗಳ, ಕೇಳಿದ್ದನ್ನೆಲ್ಲ ಹೇಳಿದಳು. ಪೊಲೀಸ್ ದೂರಿನ ಸಂಖ್ಯೆಯನ್ನು ಮಾತ್ರ ಅವರು ಕೇಳಲೇ ಇಲ್ಲ.

ಪೋಸ್ಟರ್ ಬೇಗ ಬಂತು, ಎಲ್ಲ ಕಡೆ ಹರಿದಾಡಿತು. ಅದರಲ್ಲಿ ಠಾಣೆಯ ನಂಬರ್ ಇರಲಿಲ್ಲ. ಸಂಘದ ಮೊಬೈಲ್ ನಂಬರ್ ಇತ್ತು, ಕೆಳಗೆ ದೇಣಿಗೆಯ ಲಿಂಕ್ ಇತ್ತು. ಬಸ್ ನಿಲ್ದಾಣದಲ್ಲಿ ಅವಳನ್ನು ಗುರುತಿಸಿದ ಒಬ್ಬರು ರಾತ್ರಿಯೇ ಆ ನಂಬರ್‌ಗೆ ಮೆಸೇಜ್ ಹಾಕಿದ್ದರು. ಪೊಲೀಸರಿಗೆ ಆ ಸುದ್ದಿ ತಲುಪಿದ್ದು ಮರುದಿನ. ಅಷ್ಟರಲ್ಲಿ ಅವಳು ಅಲ್ಲಿಂದ ಹೊರಟಾಗಿತ್ತು. ಕೊನೆಗೆ ಪೊಲೀಸರೇ ಪತ್ತೆ ಮಾಡಿ ಕರೆತಂದರು.

ನನಗೆ ಇನ್ನೂ ಜಾಸ್ತಿ ಸಿಟ್ಟು ಬಂದಿದ್ದು ಆಮೇಲೆ. ‘ನಮ್ಮ ಪ್ರಯತ್ನದಿಂದ ಮಗು ಸಿಕ್ಕಿತು, ಬೆಂಬಲಿಸಿ’ ಎಂದು ಅದೇ ಫೋಟೊ ಹಾಕಿ ಹಣ ಕೇಳಿದರು. ಮಾತ್ರೆಯ ವಿಷಯವೂ ಅದರಲ್ಲೇ ಇತ್ತು. ತೆಗೆಯಿರಿ ಎಂದು ಬೇಡಿಕೊಂಡರೆ ‘ಬೇರೆಯವರಿಗೆ ಜಾಗೃತಿ ಆಗುತ್ತೆ’ ಎಂಬ ಉತ್ತರ. ಶಾಲೆಗೆ ವಾಪಸ್ ಹೋಗಬೇಕಾದ ಹುಡುಗಿ ಅವಳು. ಅವಳ ಕಷ್ಟ ಅವರಿಗೆ ಪ್ರಚಾರದ ಸರಕಾಯಿತು.

ಸ್ವಯಂಸೇವಕರು ಅಂದ ಮಾತ್ರಕ್ಕೆ ದೂರ ಇಡಿ ಎಂದು ಹೇಳುತ್ತಿಲ್ಲ. ಯುರೋಪಿನಲ್ಲಿ ಕಾಣೆಯಾದ ಮಕ್ಕಳಿಗೆಂದೇ ಇರುವ 116000 ಸಹಾಯವಾಣಿಯನ್ನು ಹಲವು ದೇಶಗಳಲ್ಲಿ ಸರ್ಕಾರೇತರ ಸಂಸ್ಥೆಗಳೇ ನಡೆಸುತ್ತವೆ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕಾಣೆಯಾದ ಮಕ್ಕಳ ರಾಷ್ಟ್ರೀಯ ಕೇಂದ್ರವೂ ಸರ್ಕಾರಿ ಇಲಾಖೆಯಲ್ಲ. ಆದರೆ ಅದು ಮೊದಲು ಪೊಲೀಸರಿಗೆ ದೂರು ಕೊಟ್ಟಿದ್ದೀರಾ ಎಂದು ಕೇಳುತ್ತದೆ. 1996ರಲ್ಲಿ ಅಲ್ಲೇ ಆರಂಭವಾದ ಆಂಬರ್ ಅಲರ್ಟ್, ಅಂದರೆ ಮಗುವಿನ ಅಪಹರಣವಾದಾಗ ಜನರಿಗೆ ಕೊಡುವ ತುರ್ತು ಎಚ್ಚರಿಕೆ, ಹೊರಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದೂ ಪೊಲೀಸರೇ.

ಪೊಲೀಸ್ ದೂರಿನ ಬಗ್ಗೆ ಕೇಳುವುದು ಸುಮ್ನೆ ಕಾಗದದ ಕೆಲಸ ಅಂದುಕೊಳ್ಳಬೇಡಿ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಮಗುವಿನ ಜೊತೆ ಅಡಗಿರುವ ತಾಯಂದಿರಿದ್ದಾರೆ. ಅವರ ಜಾಗ ಪತ್ತೆ ಮಾಡಲು ಆ ಗಂಡನೇ ‘ನನ್ನ ಮಗು ಕಾಣೆಯಾಗಿದೆ’ ಎಂದು ಫೋಟೊ ಹಾಕಬಹುದು. ದೂರಿನ ಸಂಖ್ಯೆ ಕೇಳದ ಸಂಘ ಅದನ್ನು ಹಾಗೇ ಹಂಚುತ್ತದೆ. ಅದರ ಪರಿಣಾಮ ಏನಾಗಬಹುದು, ಯೋಚಿಸಿ.

ಹಾಗಾಗಿ ಯಾರೇ ಸಹಾಯಕ್ಕೆ ಬಂದರೂ ಕೇಳಿ: ಸುಳಿವು ಸಿಕ್ಕರೆ ಯಾರಿಗೆ, ಎಷ್ಟು ಹೊತ್ತಿನಲ್ಲಿ ಹೋಗುತ್ತದೆ? ರಾತ್ರಿ ಫೋನ್ ಎತ್ತುವವರು ಯಾರು? ಮಗು ಸಿಕ್ಕ ಮೇಲೆ ಫೋಟೊ ಯಾವಾಗ ತೆಗೆಯುತ್ತೀರಿ? ಮಕ್ಕಳ ವಿವರ ನೋಡುವ ಸ್ವಯಂಸೇವಕರ ಹಿನ್ನೆಲೆಯನ್ನು ಯಾರಾದರೂ ಪರಿಶೀಲಿಸಿದ್ದಾರಾ? ನೋಂದಣಿ, ಪದಾಧಿಕಾರಿಗಳ ಹೆಸರು, ವರ್ಷದ ಲೆಕ್ಕಪತ್ರ ಇವೂ ಬೇಕು. ಆದರೆ ನೋಂದಣಿ ಇದ್ದರೆ ಸಾಕು ಎಂದು ನಂಬಬೇಡಿ. ಈ ಸಂಘಕ್ಕೂ ನೋಂದಣಿ ಇತ್ತು. ನಿಮ್ಮ ಪ್ರಕರಣದ ತನಿಖಾಧಿಕಾರಿಗೂ ಒಂದು ಮಾತು ಕೇಳಿ, ಅವರಿಗೆ ಈ ಸಂಘದವರು ಗೊತ್ತಾ ಅಂತ.

ಈಗಾಗಲೇ ಫೋಟೊ ಕೊಟ್ಟಿದ್ದರೆ, ತೆಗೆಯುವಂತೆ ಬರಹದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಒಪ್ಪದಿದ್ದರೆ ಫೋಟೊ ಹಾಕಿರುವ ಜಾಲತಾಣಕ್ಕೇ ನೇರವಾಗಿ ದೂರು ಕೊಡಿ. ನಮ್ಮ ಪೋಸ್ಟರ್ ಅಲ್ಲಿಂದ ತೆಗೆದುಹಾಕಿಸಿದ್ದು ಹಾಗೆಯೇ.