ಮೊಣಕಾಲು ನೋವಿದ್ದವರಿಗೆ ಕಿಕ್‌ಬಾಕ್ಸಿಂಗ್ ವಿಡಿಯೋ: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಧಾರವಾಡದವಳು, ಹೈಸ್ಕೂಲ್ ಟೀಚರ್, ವಯಸ್ಸು ಐವತ್ತು ದಾಟಿದೆ. ಬಲಗಾಲಿನ ಮೊಣಕಾಲಲ್ಲಿ ಸವೆತ ಶುರುವಾಗಿದೆ ಎಂದು ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ ಮೇಲೆಯೇ ನಾನು ಮನೆಯಲ್ಲಿ ಕಿಕ್‌ಬಾಕ್ಸಿಂಗ್, ಅಂದರೆ ವಿಡಿಯೋ ನೋಡಿಕೊಂಡು ಗಾಳಿಗೆ ಗುದ್ದಿ ಒದೆಯುವ ವ್ಯಾಯಾಮ, ಹಿಡಿದದ್ದು. ಕೇಳಿದವರು ಹುಬ್ಬೇರಿಸುತ್ತಾರೆ. ಆದರೆ ನಾಲ್ಕು ವರ್ಷ ದಾಟಿದ ಮೇಲೂ ವಾರಕ್ಕೆ ಮೂರು ನಾಲ್ಕು ದಿನ ಬೆಳಿಗ್ಗೆ ಟಿವಿ ಮುಂದೆ ನಿಲ್ಲುತ್ತೇನೆ, ಕಾಲು ಮೊದಲಿಗಿಂತ ಗಟ್ಟಿಯಾಗಿದೆ. ಸಿಕ್ಕ ವಿಡಿಯೋ ಹಚ್ಚಿಕೊಂಡು ಕುಣಿದಿದ್ದರೆ ಹೀಗಾಗುತ್ತಿರಲಿಲ್ಲ. ಮೊಣಕಾಲಿಗೆ ಒಗ್ಗುವುದು ಯಾವುದು, ಒಗ್ಗದ್ದು ಯಾವುದು ಎಂದು ಆರಿಸಿ ತೆಗೆಯುವುದರಲ್ಲೇ ಅರ್ಧ ಕೆಲಸವಿದೆ. ನಾನು ಹೇಗೆ ಆರಿಸುತ್ತೇನೆ, ಯಾವುದನ್ನು ಇಟ್ಟುಕೊಂಡಿದ್ದೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಡಿಗೆ ಸಾಲದೇ ಎಂದು ಕೇಳುವವರಿದ್ದಾರೆ. ಕೆಲಗೇರಿ ಕೆರೆಯ ದಂಡೆ, ಯುನಿವರ್ಸಿಟಿ ಆವರಣ ಎರಡೂ ನನಗೆ ಇಷ್ಟವೇ, ಈಗಲೂ ಹೋಗುತ್ತೇನೆ. ಆದರೆ ನಮ್ಮೂರಿನ ಜಿಟಿಜಿಟಿ ಮಳೆ ಜೂನ್‌ನಲ್ಲಿ ಹಿಡಿದರೆ ಬೇಗ ಬಿಡುವುದಿಲ್ಲ, ನಡಿಗೆ ತಪ್ಪುತ್ತದೆ. ಅಲ್ಲದೆ ನಡಿಗೆಯಲ್ಲಿ ಕೈ, ಭುಜ, ಸೊಂಟಕ್ಕೆ ಹೆಚ್ಚು ಕೆಲಸ ಬೀಳುವುದಿಲ್ಲ. ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಎತ್ತುವಾಗ ಸಿಗುವ ಸಮತೋಲನದ ಅಭ್ಯಾಸವೂ ಅದರಲ್ಲಿಲ್ಲ. ದಿನವಿಡೀ ಬೋರ್ಡಿನ ಮುಂದೆ ನಿಲ್ಲುವವಳಿಗೆ ಆ ಅಭ್ಯಾಸ ಬೇಕೇ ಬೇಕು. ನನಗೆ ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಸ್ಟ್ ಹೇಳಿದ ಮಾತು ಇನ್ನೂ ನೆನಪಿದೆ: "ಜಿಗಿಯೂದು ಬ್ಯಾಡ್ರಿ ಟೀಚರ್. ಆದ್ರ ಕುಂತ ಬಿಟ್ರ ಕಾಲು ಇನ್ನಷ್ಟು ಸೋಲ್ತಾವು."

ಇನ್ನು ಆಯ್ಕೆಯ ವಿಚಾರ. ವಿಡಿಯೋ ಹುಡುಕುವವರೆಲ್ಲ ಮೊದಲು ನೋಡುವುದು 'ಲೋ ಇಂಪ್ಯಾಕ್ಟ್' ಎಂಬ ಚೀಟಿ ಅಂಟಿದೆಯೇ ಎಂದು. ಅದಿರಲಿ, ಒಳ್ಳೆಯದೇ. ಲೋ ಇಂಪ್ಯಾಕ್ಟ್ ಎಂದರೆ ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತದೆ, ಜಿಗಿತ ಇರುವುದಿಲ್ಲ ಎಂದಷ್ಟೇ ಅರ್ಥ. ಮೊಣಕಾಲಿಗೆ ಜಿಗಿತಕ್ಕಿಂತ ಸದ್ದಿಲ್ಲದೆ ಕಾಡುವ ಇನ್ನೊಂದು ಶತ್ರುವಿದೆ, ಅದು ತಿರುಚು. ಮೊಣಕಾಲು ಮುಖ್ಯವಾಗಿ ಮಡಚುವ, ನೀಡುವ ಕೀಲು, ಬಾಗಿಲಿನ ಬಿಜಾಗರಿಯ ಹಾಗೆ. ಅಡ್ಡ ತಿರುಗುವ ಕೆಲಸ ಸೊಂಟದ ಕೀಲಿನದು, ಪಾದದ್ದು. ಕಿಕ್‌ಬಾಕ್ಸಿಂಗ್‌ನಲ್ಲಿ ಮೈಯೆಲ್ಲ ತಿರುಗುತ್ತಲೇ ಇರುತ್ತದೆ. ಮೈ ತಿರುಗಿ ಪಾದ ಮಾತ್ರ ನೆಲಕ್ಕೆ ಅಂಟಿಕೊಂಡು ನಿಂತರೆ ಆ ತಿರುವೆಲ್ಲ ನಡುವಿನ ಮೊಣಕಾಲಿಗೇ ಬೀಳುತ್ತದೆ. ಒಳಗಿನ ಮೆನಿಸ್ಕಸ್ ಎಂಬ ಮೆತ್ತೆಗೆ, ಮೂಳೆಗಳನ್ನು ಬಿಗಿದಿಡುವ ಅಕ್ಕಪಕ್ಕದ ಲಿಗಮೆಂಟ್‌ಗೆ ಜಗ್ಗು ಬೀಳುವುದು ಹೀಗೆಯೇ. ಜಿಗಿತ ಬಂದರೆ ಕಣ್ಣಿಗೆ ಕಾಣುತ್ತದೆ, ಬಿಟ್ಟುಬಿಡಬಹುದು. ತಿರುಚು ಕಾಣುವುದಿಲ್ಲ, ಮರುದಿನ ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಹಾಗಾಗಿ ನಾನು ಯಾವ ವಿಡಿಯೋ ನೋಡಿದರೂ ಕಲಿಸುವವರ ಒದೆಯುವ ಕಾಲನ್ನು ನೋಡುವುದಿಲ್ಲ, ನಿಂತ ಕಾಲನ್ನು ನೋಡುತ್ತೇನೆ. ರೌಂಡ್‌ಹೌಸ್ ಕಿಕ್ ತೆಗೆದುಕೊಳ್ಳಿ, ಪಕ್ಕದಿಂದ ಸುತ್ತಿ ಬರುವ ಒದೆತ. ಸರಿಯಾಗಿ ಕಲಿಸುವವರು ಮೊದಲು ಮೊಣಕಾಲು ಎತ್ತಿಸುತ್ತಾರೆ. ಆಮೇಲೆ ನಿಂತ ಪಾದದ ಹಿಮ್ಮಡಿಯನ್ನು ಸ್ವಲ್ಪ ಎತ್ತಿ, ಒದೆಯುವ ದಿಕ್ಕಿಗೆ ಹಿಮ್ಮಡಿ ಬರುವಂತೆ ತಿರುಗಿಸಿ ಎನ್ನುತ್ತಾರೆ. ಆಮೇಲೆ ಸೊಂಟ, ಕೊನೆಗೆ ಕಾಲು. ಈ ಕ್ರಮ ಹೇಳದೆ ನೇರವಾಗಿ "ಕಿಕ್, ಕಿಕ್" ಎಂದು ಎಣಿಸಲು ಶುರುಮಾಡಿದರೆ ಆ ವಿಡಿಯೋ ಎಷ್ಟೇ ಮೆದುವಾಗಿರಲಿ, ನನ್ನ ಪಟ್ಟಿಯಲ್ಲಿ ಇರುವುದಿಲ್ಲ. ಕೈಯ ಹೊಡೆತಕ್ಕೂ ಇದೇ ಮಾತು. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಂತಾಗ ಮುಂದಿನ ಕೈಯ ನೇರ ಗುದ್ದು ಜ್ಯಾಬ್, ಅದಕ್ಕೆ ಅಷ್ಟೇನೂ ತಿರುಗಬೇಕಿಲ್ಲ. ಹಿಂದಿನ ಕೈಯ ನೇರ ಗುದ್ದಾದ ಕ್ರಾಸ್‌ಗೆ ಹಿಂದಿನ ಹಿಮ್ಮಡಿ ನೆಲ ಬಿಟ್ಟು ತಿರುಗಲೇಬೇಕು, ಮೊಣಕೈ ಮಡಚಿ ಪಕ್ಕದಿಂದ ಗುದ್ದುವ ಹುಕ್‌ಗೆ ಹೊಡೆಯುವ ಕಡೆಯ ಹಿಮ್ಮಡಿ.

ನಮ್ಮ ಹಾಲ್‌ನ ಟೈಲ್ಸ್‌ಗಳ ನಡುವಿನ ಗೆರೆಯೇ ನನಗೆ ಅಳತೆಗೋಲು. ಎಡಗಾಲಿನ ಹೆಬ್ಬೆರಳನ್ನು ಗೆರೆಯ ಮೇಲಿಟ್ಟು ಬಲಗಾಲಲ್ಲಿ ನಿಧಾನವಾಗಿ ರೌಂಡ್‌ಹೌಸ್ ತೆಗೆದು, ಕಾಲನ್ನು ಅಲ್ಲೇ ಹಿಡಿದು ಕೆಳಗೆ ನೋಡುತ್ತೇನೆ. ಎಡ ಹಿಮ್ಮಡಿ ಗೆರೆ ದಾಟಿ ಮುಂದೆ ಬಂದಿದ್ದರೆ ಮೊಣಕಾಲಿನ ಚಿಪ್ಪೂ ಕಾಲ್ಬೆರಳೂ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಚಿಪ್ಪು ಒಂದು ಕಡೆ, ಬೆರಳು ಇನ್ನೊಂದು ಕಡೆ ಇದ್ದರೆ ಪಾದ ತಿರುಗಿಲ್ಲ ಎಂದರ್ಥ. ಕನ್ನಡಿ ಬೇಡ, ಯಾರೂ ಹೇಳಬೇಕಿಲ್ಲ. ಹೊಸ ವಿಡಿಯೋ ಹಿಡಿದಾಗಲೆಲ್ಲ ಮೊದಲು ಇದನ್ನು ಮಾಡುತ್ತೇನೆ.

ಗಾಳಿಗೆ ಒದೆಯುವಾಗ ಇನ್ನೊಂದು ಎಚ್ಚರ ಬೇಕು. ಪಂಚಿಂಗ್ ಬ್ಯಾಗ್ ಇದ್ದರೆ ಅದು ಕಾಲನ್ನು ತಡೆಯುತ್ತದೆ, ಗಾಳಿಯಲ್ಲಿ ತಡೆ ಇಲ್ಲ. ಜೋರಾಗಿ ಝಾಡಿಸಿದರೆ ಮೊಣಕಾಲು ಪೂರ್ತಿ ನೀಡಿ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಕೊನೆಯಲ್ಲಿ ಸ್ವಲ್ಪ ಮಡಚೇ ಇರಲಿ, ಒದ್ದಷ್ಟೇ ಬೇಗ ಹಿಂದಕ್ಕೆ ಎಳೆದುಕೊಳ್ಳಿ ಎಂದು ಪದೇ ಪದೇ ಹೇಳುವವರನ್ನು ನಾನು ನಂಬುತ್ತೇನೆ.

ಇನ್ನು ಹೆಸರು ಹಿಡಿದು ಹೇಳುವುದಾದರೆ, ನಾನು ಹೆಚ್ಚು ಬಳಸಿದ್ದು ಜೆಸಿಕಾ ಸ್ಮಿತ್ ಅವರ ಯೂಟ್ಯೂಬ್ ವಿಡಿಯೋಗಳನ್ನು. ಅಮೆರಿಕದವರು, ನಡಿಗೆ ಮತ್ತು ಲೋ ಇಂಪ್ಯಾಕ್ಟ್ ವ್ಯಾಯಾಮಕ್ಕೆ ಹೆಸರಾದವರು. ಕೆಲವು ವಿಡಿಯೋಗಳಲ್ಲಿ ಅವರ ತಾಯಿಯೂ ಜೊತೆಗೆ ನಿಂತು ಇನ್ನೂ ಹಗುರವಾಗಿ ಮಾಡಿ ತೋರಿಸುತ್ತಾರೆ. ಹಿರಿಯ ಹೆಂಗಸೊಬ್ಬರು ಪರದೆಯ ಮೇಲೆ ತಮ್ಮ ಅಳತೆಗೆ ತಕ್ಕಂತೆ ಮಾಡುವುದನ್ನು ನೋಡಿದರೆ ನನಗೆ ಎಷ್ಟೋ ಧೈರ್ಯ. ಮಾತು ಮೃದು, ಅವಸರವಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಫಿಟ್‌ನೆಸ್ ಬ್ಲೆಂಡರ್ ಎಂಬುದು ಗಂಡ ಹೆಂಡತಿ ಇಬ್ಬರೂ ಸೇರಿ ನಡೆಸುವ ಚಾನೆಲ್. ಪ್ರತಿ ವಿಡಿಯೋಗೂ 1ರಿಂದ 5ರವರೆಗೆ ಕಠಿಣತೆಯ ಅಂಕ ಇರುತ್ತದೆ, ಪರದೆಯ ಮೇಲೆ ಗಡಿಯಾರ ಓಡುತ್ತದೆ. ಅವರ ಹಳೆಯ ವಿಡಿಯೋಗಳಲ್ಲಿ ಹಿನ್ನೆಲೆ ಸಂಗೀತ ಇಲ್ಲದಿರುವುದು ಕೆಲವರಿಗೆ ಬೇಸರ, ನನಗೆ ಮಾತ್ರ ಅದೇ ಅನುಕೂಲ. ತಾಳ ಇಲ್ಲದಿದ್ದರೆ ತಾಳಕ್ಕೆ ಓಡಬೇಕಿಲ್ಲ, ನನ್ನ ಪಾದ ತಿರುಗಲು ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಳ್ಳಬಹುದು. ಬೇಕಾದರೆ ನನಗಿಷ್ಟದ ಹಾಡು ಬೇರೆ ಹಚ್ಚಿಕೊಳ್ಳುತ್ತೇನೆ.

ನ್ಯೂಜಿಲೆಂಡಿನ ಲೆಸ್ ಮಿಲ್ಸ್ ಕಂಪನಿಯ ಬಾಡಿ ಕಾಂಬ್ಯಾಟ್ ಬೇರೆಯೇ ಮಟ್ಟದ್ದು. ಕರಾಟೆ, ಟೇಕ್ವಾಂಡೋ, ಮುವಾಯ್ ಥಾಯ್, ಬಾಕ್ಸಿಂಗ್ ಎಲ್ಲ ಬೆರೆತಿದೆ, ಮನೆಯಲ್ಲಿ ನೋಡಲು ಚಂದಾ ಕೊಡಬೇಕು. ಹುರುಪು ಬಹಳ, ಹಾಡುಗಳೂ ಚೆನ್ನಾಗಿವೆ. ಜಿಗಿತಕ್ಕೆ ಬದಲಿ ತೋರಿಸುತ್ತಾರೆ, ಅದನ್ನೇ ಹಿಡಿದು ಮಾಡಿದರೆ ನಡೆಯುತ್ತದೆ. ಆದರೆ ಒಂದು ವರ್ಷವಾದರೂ ನಿಧಾನದ ಅಭ್ಯಾಸ ಆದ ಮೇಲೆ ಇದಕ್ಕೆ ಬನ್ನಿ ಎಂಬುದು ನನ್ನ ಸಲಹೆ. 1990ರ ದಶಕದ ಕೊನೆಯಲ್ಲಿ ವಿಡಿಯೋ ಕ್ಯಾಸೆಟ್‌ಗಳ ಮೂಲಕ ಅಮೆರಿಕದಲ್ಲಿ ಮನೆಮನೆಗೆ ಹೋದ ಬಿಲ್ಲಿ ಬ್ಲಾಂಕ್ಸ್ ಅವರ ಟೇ ಬೋ ಎಂಬ ಇಂಥದೇ ವ್ಯಾಯಾಮ ಕೂಡ ಈಗ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಆ ಮನುಷ್ಯನ ಉತ್ಸಾಹಕ್ಕೆ ಕೈಮುಗಿಯಬೇಕು. ಆದರೆ ಇದ್ದಕ್ಕಿದ್ದಂತೆ 'ಡಬಲ್ ಟೈಮ್' ಎಂದು ವೇಗ ಇಮ್ಮಡಿ ಮಾಡಿದಾಗ ನನ್ನಂಥವರಿಗೆ ಪಾದ ತಿರುಗಿಸಲು ವೇಳೆಯೇ ಉಳಿಯುವುದಿಲ್ಲ. ಆ ಭಾಗದಲ್ಲಿ ನಾನು ಕೈ ಮಾತ್ರ ಆಡಿಸುತ್ತೇನೆ.

ಹಣ ಕೊಟ್ಟು ತೆಗೆದುಕೊಂಡ ಇನ್ನೊಂದು ಆ್ಯಪ್ ಇತ್ತು, ಹೆಸರು ಬೇಡ. 'ಮೊಣಕಾಲಿಗೆ ಹಿತ' ಎಂದು ದೊಡ್ಡದಾಗಿ ಬರೆದಿದ್ದರು. ತೆರೆದು ನೋಡಿದರೆ ಆಳವಾದ ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಚಿ ಕೆಳಗಿಳಿಯುವುದು), ಆ ಲಂಜ್‌ನಲ್ಲೇ ಸೊಂಟ ತಿರುಗಿಸಿ ಹುಕ್. ಕ್ಯಾಮೆರಾವೋ ಸೊಂಟದಿಂದ ಮೇಲಕ್ಕೆ ಮಾತ್ರ, ಪಾದ ಕಾಣುವುದೇ ಇಲ್ಲ. ದೂರಿಗೆ ಬಂದದ್ದು ಯಂತ್ರದ ಉತ್ತರ, ದುಡ್ಡು ವಾಪಸ್ ಬರಲಿಲ್ಲ, ಮೇಲಿಂದ ವರ್ಷ ಮುಗಿದ ಕೂಡಲೇ ಖಾತೆಯಿಂದ ಮತ್ತೆ ಕಡಿತವಾಯಿತು. ನೋವಿರುವವರ ಆಸೆಯ ಮೇಲೆ ವ್ಯಾಪಾರ ಮಾಡುವುದು ನನಗೆ ತುಂಬಾ ಸಿಟ್ಟು ತರಿಸುತ್ತದೆ. ಚಂದಾ ಕಟ್ಟುವ ಮುಂಚೆ ಉಚಿತ ಅವಧಿ ಇದೆಯೇ ನೋಡಿ. ಮೊದಲ ಹತ್ತು ನಿಮಿಷ ಕುರ್ಚಿಯಲ್ಲಿ ಕೂತುಕೊಂಡೇ ನೋಡಿ. ಆ ಹತ್ತು ನಿಮಿಷದಲ್ಲಿ ಕಲಿಸುವವರ ಪಾದ ಒಮ್ಮೆಯೂ ಪರದೆಯಲ್ಲಿ ಕಾಣದಿದ್ದರೆ ಮುಂದೆ ಹೋಗುವುದೇ ಬೇಡ.

ವೇಗದ ಬಗ್ಗೆ ಒಂದು ಉಪಾಯ. ಯೂಟ್ಯೂಬ್‌ನಲ್ಲಿ ಪ್ಲೇಬ್ಯಾಕ್ ಸ್ಪೀಡ್ ಇಳಿಸಬಹುದು. 0.75ಕ್ಕೆ ಇಟ್ಟರೆ ಮಾತು ಸ್ವಲ್ಪ ಎಳೆದಂತೆ ಕೇಳುತ್ತದೆ, ಚಲನೆ ಮಾತ್ರ ನಮ್ಮ ಕಾಲಿಗೆ ಸರಿಹೊಂದುತ್ತದೆ. ಎಷ್ಟೋ ಒಳ್ಳೆಯ ವಿಡಿಯೋಗಳನ್ನು ನಾನು ಉಳಿಸಿಕೊಂಡಿದ್ದು ಹೀಗೆ. ಹೆಜ್ಜೆ ಕೂತ ಮೇಲೆ ಮಾಮೂಲಿ ವೇಗಕ್ಕೆ ತಂದರಾಯಿತು.

ನೆಲ, ಬೂಟು ಇವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ನಮ್ಮ ಹಾಲ್‌ನಲ್ಲಿ ಹಾಸಿದ್ದ ನವಲಗುಂದದ ಜಮಖಾನೆಯನ್ನು ಸುತ್ತಿ ಬದಿಗಿಡುತ್ತೇನೆ, ಅದರ ಮೇಲೆ ಪಾದ ತಿರುಗಿಸಿದರೆ ಬಟ್ಟೆಯೂ ಸುತ್ತಿಕೊಳ್ಳುತ್ತದೆ. ಯೋಗದ ಮ್ಯಾಟ್ ಪಾದವನ್ನು ಹಿಡಿದುಕೊಳ್ಳುವುದಕ್ಕೆಂದೇ ಮಾಡಿದ್ದು, ಕಿಕ್‌ಬಾಕ್ಸಿಂಗ್‌ಗೆ ಅದು ಬೇಡ. ಓಟದ ಬೂಟು ಮುಂದಕ್ಕೆ ಓಡಲು ಚೆನ್ನ, ದಪ್ಪ ರಬ್ಬರಿನ ತಳ ತಿರುಗಲು ಬಿಡುವುದಿಲ್ಲ. ತಳ ಚಪ್ಪಟೆಯಾಗಿ ನುಣ್ಣಗಿರುವ ಹಗುರ ಬೂಟನ್ನು ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಯಲ್ಲೇ ಹಾಕಿಕೊಂಡು, ತುದಿಗಾಲ ಮೇಲೆ ತಿರುಗಿ ನೋಡಿ ಕೊಂಡೆ. ಬೆವರು ನೆಲಕ್ಕೆ ಬಿದ್ದರೆ ಕೂಡಲೇ ಒರೆಸಿ. ನಾವು ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೇವೆ, ಜಿಗಿತವಿಲ್ಲದ ಕಾರಣ ಕೆಳಗಿನ ಮನೆಯವರಿಂದ ಈವರೆಗೆ ಒಂದು ಮಾತೂ ಬಂದಿಲ್ಲ.

ಫಲ ಏನಾಯಿತು? ತೂಕ ನಿಧಾನವಾಗಿ ಇಳಿದಿದೆ, ಬಹಳವೇನಲ್ಲ. ಆದರೆ ಸ್ವಲ್ಪ ಇಳಿದರೂ ಲಾಭವಿದೆ. ತೂಕ ಹೆಚ್ಚಿದ್ದು ಮೊಣಕಾಲು ಸವೆದಿರುವ ಹಿರಿಯರಲ್ಲಿ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನನಗೆ ನಿಜವಾದ ಪರೀಕ್ಷೆ ಬಸ್ಸಿನದು. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿಗೆ ನಿಲ್ದಾಣದ ಕಟ್ಟೆಯಿಂದಲೇ ಸಮಕ್ಕೆ ಹತ್ತಬಹುದು, ಕಷ್ಟವಿಲ್ಲ. ಶಾಲೆಗೆ ಹೋಗುವ ಹಳ್ಳಿ ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲೆತ್ತರ. ಮೊದಲು ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಿದ್ದವಳು ಈಗ ಒಂದು ಕೈಯಲ್ಲಿ ಟಿಫಿನ್ ಚೀಲ ಹಿಡಿದೇ ಹತ್ತುತ್ತೇನೆ. ಕುಳಿತು ಏಳುವಾಗ ಮೊಣಕಾಲು ಕಟಕಟ ಎನ್ನುವುದು ಮಾತ್ರ ನಿಂತಿಲ್ಲ. ನೋವಿಲ್ಲದ ಸದ್ದಿಗೆ ಹೆದರಬೇಕಿಲ್ಲ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ.

ವಿಡಿಯೋ ಒಂದರಿಂದಲೇ ಇದು ಆಯಿತು ಎಂದರೆ ಅನ್ಯಾಯವಾಗುತ್ತದೆ. ಕಾಲು ನೀಡಿ ಎತ್ತುವುದು, ಮಲಗಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲು ಎತ್ತುವುದು, ಈ ಮೂರನ್ನೂ ಜೊತೆಗೆ ಮಾಡುತ್ತೇನೆ. ತೊಡೆಯ ಮುಂಭಾಗ ಮತ್ತು ಸೊಂಟದ ಸ್ನಾಯು ಗಟ್ಟಿಯಾಗದೆ ಒಂಟಿ ಕಾಲಲ್ಲಿ ನಿಂತು ಒದೆಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಹೇಳಿದೆ. ಇಪ್ಪತ್ತೈದು ನಿಮಿಷದ ವಿಡಿಯೋ, ಜೊತೆಗೆ ನಡಿಗೆ ಸೇರಿದರೆ ಅಷ್ಟಕ್ಕೆ ತಲುಪುವುದು ಕಷ್ಟವಲ್ಲ. ಮಾಡುವಾಗ ಸ್ವಲ್ಪ ಬಿಗಿ ಅನಿಸಿದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ. ಬಾವು ಬಂದರೆ, ಮೊಣಕಾಲು ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದಂತಾದರೆ ವಿಡಿಯೋ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಗದಗಿನಿಂದ ನಮ್ಮ ವೈನಿ ಬಂದಾಗ ಜೊತೆಗೆ ನಿಂತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಮೊಣಕಾಲು ನನಗಿಂತ ಹೆಚ್ಚು ಸವೆದಿದೆ. "ಅಕಿ ಏನ ಹೇಳ್ತಾಳೋ ತಿಳಿಯಂಗಿಲ್ಲ, ಆದ್ರ ಕಾಲು ಎಲ್ಲಿ ಇಡತಾಳ ಕಾಣ್ತದವಾ" ಎಂದರು. ಅವರಿಗೆ ರೌಂಡ್‌ಹೌಸ್ ಬೇಡವೇ ಬೇಡ ಎಂದು ನಾನೇ ಬಿಡಿಸಿದೆ. ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಫ್ರಂಟ್ ಕಿಕ್, ಹಿಂದಕ್ಕೆ ಬ್ಯಾಕ್ ಕಿಕ್, ನಿಂತಲ್ಲೇ ಜ್ಯಾಬ್, ಇಷ್ಟೇ. ಮೊದಲ ಎರಡರಲ್ಲಿ ನಿಂತ ಪಾದ ತಿರುಗಿಸುವ ಅಗತ್ಯ ಬೀಳುವುದಿಲ್ಲ. ಒದೆತ ಸೊಂಟದ ಕೆಳಗೇ ಇರಲಿ ಎಂದೆ. ಊರಿಗೆ ಹೋದ ಮೇಲೂ ಮಾಡುತ್ತಿದ್ದಾರೆ, ವಿಡಿಯೋದ ಮೊದಲ ಹದಿನೈದು ನಿಮಿಷ ಮಾತ್ರ. ಇಂಥವರಿಗಾಗಿ ನಮ್ಮ ಭಾಷೆಯಲ್ಲಿ, ಪಾದ ತೋರಿಸುತ್ತಾ, ನಿಧಾನವಾಗಿ ಕಲಿಸುವ ವಿಡಿಯೋ ಯಾರಾದರೂ ಮಾಡಿದರೆ ಚಂದಾ ಕಟ್ಟುವವರಲ್ಲಿ ನಾವಿಬ್ಬರೂ ಇರುತ್ತೇವೆ.