ಡಿವೈಸ್ ಮೋಡ್, ಕೇಬಲ್, ಎರುಡಾ: ಫೋನಿನ ಪುಟದ ತಪ್ಪು ಹಿಡಿಯಲು ಯಾವುದು ಒಳ್ಳೆಯದು?

ಕಲಬುರಗಿಯ ಒಂದು ಅಡತ್ ಅಂಗಡಿಗೆ ತೊಗರಿ ದರ ತೋರಿಸುವ ವೆಬ್ ಪುಟ ಮಾಡಿಕೊಟ್ಟಿದ್ದೇನೆ. ನೋಡುವವರು ಆಳಂದ, ಜೇವರ್ಗಿ, ಚಿತ್ತಾಪುರ ಕಡೆಯ ರೈತರು. ಹೆಚ್ಚಿನವರ ಕೈಯಲ್ಲಿರುವುದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಪುಟ ಎಷ್ಟು ಚೆನ್ನಾಗಿ ಕಂಡರೂ ಅವರಿಗೆ ಏನೂ ಉಪಯೋಗವಿಲ್ಲ. ಹಾಗಾಗಿ ಫೋನಿನ ಪುಟವನ್ನು ಕಂಪ್ಯೂಟರ್‌ನಿಂದ ಪರೀಕ್ಷಿಸುವ ದಾರಿಗಳನ್ನು ಇದೇ ಪುಟದ ಮೇಲೆ ಬಳಸಿ ನೋಡಿದೆ. ಮುಖ್ಯವಾಗಿ ಮೂರು: ಕಂಪ್ಯೂಟರ್‌ನ ಕ್ರೋಮ್‌ನಲ್ಲೇ ಫೋನಿನ ಪರದೆಯನ್ನು ಅನುಕರಿಸುವ ಡಿವೈಸ್ ಮೋಡ್, ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸುವುದು, ಪುಟದೊಳಗೇ ಸೇರಿಸುವ ಎರುಡಾ ಎಂಬ ಸಾಧನ. ಒಂದನ್ನೇ ಆರಿಸು ಎಂದರೆ ಕೇಬಲ್ ಆರಿಸುತ್ತೇನೆ. ಯಾಕೆ ಎಂದು ಹೇಳುತ್ತೇನೆ.

ಎಲ್ಲರೂ ಶುರು ಮಾಡುವುದು ಕ್ರೋಮ್‌ನ ಡಿವೈಸ್ ಮೋಡ್‌ನಿಂದ. ಎಫ್12 ಒತ್ತಿ, ಫೋನಿನ ಚಿತ್ರ ಇರುವ ಗುಂಡಿ ಒತ್ತಿದರೆ ಸಾಕು. ಪರದೆ ಫೋನಿನ ಅಳತೆಗೆ ಬರುತ್ತದೆ, ಮೌಸ್ ಬೆರಳಿನಂತೆ ಕೆಲಸ ಮಾಡುತ್ತದೆ, ಇಂಟರ್ನೆಟ್ ವೇಗವನ್ನೂ ಬೇಕೆಂದೇ ಇಳಿಸಬಹುದು. ಪುಟದ ಅಂದಾಜು ಆಕಾರ ನೋಡಲು ಇದಕ್ಕಿಂತ ಬೇಗನೆ ಆಗುವುದು ಬೇರೆ ಇಲ್ಲ. ದರದ ಪಟ್ಟಿ ಸಣ್ಣ ಪರದೆಯಲ್ಲಿ ಪಕ್ಕಕ್ಕೆ ಹೊರಚಾಚುತ್ತಿದ್ದುದು ನನಗೆ ಇಲ್ಲೇ ಗೊತ್ತಾಯಿತು.

ಆದರೆ ಒಳಗೆ ಓಡುತ್ತಿರುವುದು ಕಂಪ್ಯೂಟರ್‌ನ ಬ್ರೌಸರ್. ಪ್ರೊಸೆಸರ್ ಕಂಪ್ಯೂಟರ್‌ನದು, ಫಾಂಟ್ ಕೂಡ ಕಂಪ್ಯೂಟರ್‌ನದೇ. ಕನ್ನಡದಲ್ಲಿ ಪುಟ ಮಾಡುವವರಿಗೆ ಈ ಫಾಂಟ್ ವಿಷಯ ತುಂಬಾ ಮುಖ್ಯ. ನಮ್ಮ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಎಂಬ ಎರಡು ಕಾಲಂ ಇವೆ. ಡಿವೈಸ್ ಮೋಡ್‌ನಲ್ಲಿ ಎರಡೂ ಸರಿಯಾಗಿದ್ದವು. ಪುಟ ಬಿಟ್ಟ ಮೇಲೆ ಅಂಗಡಿ ಮಾಲೀಕರು ಫೋನ್ ಮಾಡಿ, "ಅಕ್ಷರ ಕೆಳಗ ಕತ್ತರಿಸಿದಂಗ ಕಾಣತಾವ ನೋಡ್ರಿ" ಎಂದರು. ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ ಯುಐ ಅಥವಾ ತುಂಗಾ ಬರುತ್ತದೆ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಬರುವುದು ನೋಟೋ ಸಾನ್ಸ್ ಕನ್ನಡ. ಒಂದೊಂದು ಫಾಂಟ್‌ನಲ್ಲಿ ಒತ್ತಕ್ಷರ ಕೆಳಗಿಳಿಯುವ ಆಳ ಒಂದೊಂದು ಥರ. ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿ, ಹೊರಗೆ ಹೋದದ್ದನ್ನು ಅಡಗಿಸು ಎಂದು ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಹೇಳುವ ಕೋಡ್) ಬರೆದಿದ್ದರೆ ಒತ್ತು ಕಾಣದೆ ಹೋಗುತ್ತದೆ. ಇಂಗ್ಲಿಷ್ ಪುಟಗಳಿಗೆ ಈ ತೊಂದರೆ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಇಂಗ್ಲಿಷ್ ಪಾಠಗಳಲ್ಲಿ ಇದರ ಸುದ್ದಿಯೂ ಕಡಿಮೆ.

ಕೇಬಲ್ ಹಚ್ಚಿದಾಗ ಇದು ನಿಮಿಷಗಳ ಕೆಲಸವಾಯಿತು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ (ಕೇಬಲ್ ಮೂಲಕ ತಪ್ಪು ಹುಡುಕಲು ಬಿಡುವ ಆಯ್ಕೆ) ಆನ್ ಮಾಡಬೇಕು. ಕೇಬಲ್ ಸಿಕ್ಕಿಸಿದಾಗ ಫೋನ್ ಅನುಮತಿ ಕೇಳುತ್ತದೆ, ಒಪ್ಪಬೇಕು. ಆಮೇಲೆ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ (chrome://inspect) ತೆರೆದರೆ ಫೋನಿನಲ್ಲಿ ತೆರೆದಿರುವ ಟ್ಯಾಬ್‌ಗಳೆಲ್ಲ ಅಲ್ಲಿ ಕಾಣುತ್ತವೆ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದೇ ಬೇಕು. ಬರೀ ಚಾರ್ಜ್ ಮಾಡುವ ಕೇಬಲ್‌ಗಳು ನೋಡಲು ಹಾಗೇ ಇರುತ್ತವೆ, ಆದರೆ ಅವುಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೊಳ್ಳುವಾಗ ಕೇಳಿಯೇ ತೊಗೊಳ್ಳಿ.

ಈಗ ಅಲ್ಲಿಂದ ಪುಟದ ಕೋಡ್ ತೆರೆದು ಕಂಪ್ಯೂಟರ್‌ನಲ್ಲಿ ಒಂದು ಸಾಲನ್ನು ಬದಲಿಸಿದರೆ ಕೈಯಲ್ಲಿರುವ ಫೋನಿನಲ್ಲೇ ಆಗಿಂದಾಗ ಬದಲಾಗುತ್ತದೆ. ಅಲ್ಲೇ ಇರುವ ಕಂಪ್ಯೂಟೆಡ್ ಎಂಬ ಭಾಗದ ಕೊನೆಯಲ್ಲಿ ನಿಜವಾಗಿ ಯಾವ ಫಾಂಟ್ ಬಳಕೆಯಾಗಿದೆ ಎಂದೂ ಬರೆದಿರುತ್ತದೆ. ಸಾಲಿನ ಎತ್ತರ ಸ್ವಲ್ಪ ಸ್ವಲ್ಪವೇ ಏರಿಸಿದೆ. ಗರಿಷ್ಠದ ಒತ್ತು ಪೂರ್ತಿ ಕಂಡಾಗ ತುಂಬಾ ಖುಷಿಯಾಯಿತು.

ಕೀಬೋರ್ಡ್ ಇನ್ನೊಂದು ಕಾರಣ. ಡಿವೈಸ್ ಮೋಡ್‌ನಲ್ಲಿ ಫೋನಿನ ಕೀಬೋರ್ಡ್ ಮೇಲೆದ್ದು ಬರುವುದೇ ಇಲ್ಲ. 2022ರ ಕೊನೆಗೆ ಬಂದ ಕ್ರೋಮ್ 108ರಿಂದ ಆಂಡ್ರಾಯ್ಡ್‌ನಲ್ಲಿ ಕೀಬೋರ್ಡ್ ತೆರೆದರೂ ಪುಟದ ವಿನ್ಯಾಸ ಕುಗ್ಗುವುದಿಲ್ಲ, ಕಣ್ಣಿಗೆ ಕಾಣುವ ಭಾಗ ಮಾತ್ರ ಕುಗ್ಗುತ್ತದೆ. ಕೆಳಗೆ ಅಂಟಿಸಿದ "ಹುಡುಕಿ" ಗುಂಡಿ ಕೀಬೋರ್ಡ್ ಹಿಂದೆ ಅವಿತುಕೊಳ್ಳುತ್ತದೆ. ಊರಿನ ಹೆಸರು ಟೈಪ್ ಮಾಡಿದ ರೈತನಿಗೆ ಗುಂಡಿಯೇ ಸಿಗದಿದ್ದರೆ ಹೇಗೆ? ಅಕ್ಷರ ಒತ್ತಿದ್ದನ್ನು ಓದುವ ಕೋಡ್‌ನಲ್ಲೂ ಇಂಥದ್ದೇ ಕಥೆ. ಫೋನಿನಲ್ಲಿ ಕನ್ನಡ ಟೈಪ್ ಮಾಡುವಾಗ ಯಾವ ಕೀ ಒತ್ತಿದರು ಎಂದು ಪುಟಕ್ಕೆ ತಿಳಿಸುವ ಕೀಡೌನ್ ಈವೆಂಟ್ ಸಾಮಾನ್ಯವಾಗಿ 229 ಎಂಬ ಒಂದೇ ಸಂಖ್ಯೆ ಕೊಡುತ್ತದೆ, ಯಾವ ಅಕ್ಷರ ಎಂದು ಗೊತ್ತಾಗುವುದಿಲ್ಲ. ಅದರ ಬದಲು, ಪೆಟ್ಟಿಗೆಯೊಳಗಿನ ಬರಹ ಬದಲಾದಾಗ ತಿಳಿಸುವ ಇನ್‌ಪುಟ್ ಈವೆಂಟ್ ನಂಬಬೇಕು. ಇವೆರಡೂ ನಿಜವಾದ ಫೋನ್ ಇಲ್ಲದೆ ಸಿಗುವ ತಪ್ಪುಗಳಲ್ಲ.

ಕೇಬಲ್ ಬೇಡ, ಒಂದೇ ವೈಫೈನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸ ಫೋನಿನಲ್ಲಿ ಹಾಕಿದರಾಯಿತು ಅಂತ ಕೆಲವರು ಹೇಳುತ್ತಾರೆ. ಸುಮ್ನೆ ನೋಡಲು ಸರಿ. ಆದರೆ ನಮ್ಮ ಪುಟದಲ್ಲಿ ಹತ್ತಿರದ ಮಾರುಕಟ್ಟೆ ತೋರಿಸುವ ಗುಂಡಿ ಇದೆ. ಸುರಕ್ಷಿತ ಸಂಪರ್ಕ ಇಲ್ಲದ ಪುಟಕ್ಕೆ ಫೋನ್ ಎಲ್ಲಿದೆ ಎಂದು ತಿಳಿಸುವುದನ್ನು ಕ್ರೋಮ್ 2016ರಲ್ಲೇ ನಿಲ್ಲಿಸಿದೆ. ಬರೀ ಐಪಿ ವಿಳಾಸದಲ್ಲಿ ಆ ಗುಂಡಿ ಕೆಲಸ ಮಾಡುವುದಿಲ್ಲ. ಲೋಕಲ್‌ಹೋಸ್ಟ್‌ಗೆ, ಅಂದರೆ ಸಾಧನ ತನ್ನನ್ನೇ ಕರೆದುಕೊಳ್ಳುವ ವಿಳಾಸಕ್ಕೆ, ಮಾತ್ರ ವಿನಾಯಿತಿ. ಕೇಬಲ್ ಇದ್ದಾಗ ಇನ್‌ಸ್ಪೆಕ್ಟ್ ಪುಟದ ಪೋರ್ಟ್ ಫಾರ್ವರ್ಡಿಂಗ್ ಬಳಸಿದರೆ ಫೋನಿನ ಲೋಕಲ್‌ಹೋಸ್ಟ್ ನೇರ ನನ್ನ ಲ್ಯಾಪ್‌ಟಾಪ್‌ಗೆ ಬರುತ್ತದೆ. ಇದೊಂದಕ್ಕೇ ಕೇಬಲ್ ಹಿಡಿಯಬಹುದು. ಆಂಡ್ರಾಯ್ಡ್ 11ರಿಂದ ಕೇಬಲ್ ಇಲ್ಲದೆ ವೈಫೈ ಮೂಲಕವೂ ಡಿಬಗ್ಗಿಂಗ್ ಜೋಡಿಸಬಹುದು. ನನಗೆ ಕೇಬಲ್‌ನಷ್ಟು ನೆಮ್ಮದಿ ಅದರಲ್ಲಿ ಸಿಗಲಿಲ್ಲ.

ವೇಗದ ಬಗ್ಗೆ ಒಂದು ಮಾತು. ಡಿವೈಸ್ ಮೋಡ್ ಪ್ರೊಸೆಸರ್ ನಿಧಾನ ಮಾಡಿ ತೋರಿಸಬಲ್ಲದು. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ? ಹೊಲದಲ್ಲಿ ಬಿಸಿಯಾದ ಫೋನ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಅದನ್ನು ಆ ಫೋನಿನಲ್ಲೇ ಅಳೆಯಬೇಕು.

ಕೇಬಲ್ ಸೋಲುವುದು ದೂರದಲ್ಲಿ. ತಪ್ಪು ಕಾಣಿಸಿದ ಫೋನ್ ಸೇಡಂನಲ್ಲಿದ್ದರೆ ಏನು ಮಾಡುವುದು? ಅಲ್ಲಿಗೆ ಎರುಡಾ. ಪುಟದೊಳಗೆ ಒಂದು ಸ್ಕ್ರಿಪ್ಟ್ ಸೇರಿಸಿದರೆ ಮೂಲೆಯಲ್ಲಿ ಸಣ್ಣ ಗುರುತು ಬರುತ್ತದೆ. ಒತ್ತಿದರೆ ಕನ್ಸೋಲ್ (ತಪ್ಪುಗಳ ಪಟ್ಟಿ), ನೆಟ್‌ವರ್ಕ್ ಎಲ್ಲ ಫೋನಿನಲ್ಲೇ ತೆರೆದುಕೊಳ್ಳುತ್ತವೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ, ತಪ್ಪು ತೋರಿಸುವ ಕೆಂಪು ಸಾಲಿನ ಸ್ಕ್ರೀನ್‌ಶಾಟ್ ತರಿಸಿಕೊಳ್ಳುತ್ತೇನೆ. ಬ್ರೇಕ್‌ಪಾಯಿಂಟ್ ಹಾಕಿ ಕೋಡನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ನೋಡಲು ಇದರಲ್ಲಿ ಬರುವುದಿಲ್ಲ. ಇದನ್ನು ಪುಟದ ಮೇಲ್ಭಾಗದಲ್ಲೇ ಸೇರಿಸಬೇಕು, ಇಲ್ಲದಿದ್ದರೆ ಮೊದಲೇ ಆದ ತಪ್ಪು ದಾಖಲಾಗದು. ನೋಡುವವರಿಗೆಲ್ಲ ಕಾಣದಿರಲು, ಪುಟದ ವಿಳಾಸದ ಕೊನೆಗೆ ಒಂದು ಗುಟ್ಟಿನ ಪದ ಇದ್ದಾಗ ಮಾತ್ರ ಎರುಡಾ ತೆರೆಯುವಂತೆ ಮಾಡಿ. ಟೆನ್ಸೆಂಟ್‌ನ ವಿಕನ್ಸೋಲ್ ಕೂಡ ಇದೇ ಜಾತಿಯದು. ನನಗೆ ಎರುಡಾ ಜಾಸ್ತಿ ಹಿಡಿಸಿತು.

ಐಫೋನ್‌ಗೆ ಸಫಾರಿಯ ವೆಬ್ ಇನ್‌ಸ್ಪೆಕ್ಟರ್ ಇದೆ, ತುಂಬಾ ಚೆನ್ನಾಗಿದೆ, ಆದರೆ ಅದಕ್ಕೆ ಮ್ಯಾಕ್ ಬೇಕು. ನಮ್ಮ ಕಡೆ ಸಣ್ಣ ಕೆಲಸ ಮಾಡುವವರಲ್ಲಿ ಮ್ಯಾಕ್ ಇರುವವರು ಅಪರೂಪ. ಅಲ್ಲೂ ಎರುಡಾವೇ ಗತಿ. ಫೈರ್‌ಫಾಕ್ಸ್‌ಗೂ ಕೇಬಲ್ ದಾರಿ ಇದೆ, ಕೆಲಸ ಮಾಡುತ್ತದೆ. ನಮ್ಮ ರೈತರಲ್ಲಿ ಅದನ್ನು ಬಳಸುವವರು ಕಾಣದ ಕಾರಣ ಹೆಚ್ಚು ಹೊತ್ತು ಕೂರಲಿಲ್ಲ.

ಬೇರೆಯವರ ಫೋನ್ ಪಡೆದು ಕೇಬಲ್ ಹಚ್ಚಿದ್ದರೆ, ವಾಪಸ್ ಕೊಡುವ ಮುಂಚೆ ಯುಎಸ್‌ಬಿ ಡಿಬಗ್ಗಿಂಗ್ ಆಫ್ ಮಾಡಿ. ಕಂಪ್ಯೂಟರ್‌ಗೆ ಕೊಟ್ಟ ಅನುಮತಿಯನ್ನೂ ಅದೇ ಪಟ್ಟಿಯಲ್ಲಿ ರದ್ದು ಮಾಡಿ. ಡೆವಲಪರ್ ಆಪ್ಷನ್ಸ್ ಆನ್ ಇದ್ದರೆ ಕೆಲವು ಬ್ಯಾಂಕ್ ಆಪ್‌ಗಳು ತೆರೆಯುವುದಿಲ್ಲ. ತೊಗರಿ ಮಾರಿದ ದುಡ್ಡು ಬಂತೋ ಇಲ್ಲವೋ ಎಂದು ಅವರು ನೋಡುವುದು ಅದೇ ಫೋನಿನಲ್ಲಿ.